ಭದ್ರತೆಯ ಕಚೇರಿ ಯಾರ ಭದ್ರತೆಗೆ?

ರಾತ್ರಿ ಮಲಗುವ ಮುನ್ನ ಮುಂಬಾಗಿಲಿಗೆ ಚಿಲಕ ಹಾಕಿದೆಯೇ, ಗ್ಯಾಸ್ ಬಂದ್ ಆಗಿದೆಯೇ, ಮಕ್ಕಳೆಲ್ಲ ಮನೆ ಸೇರಿದ್ದಾರೆಯೇ ಎಂದು ಕೊನೆಯದಾಗಿ ನೋಡಿ ಬರುವವಳು ಸಾಮಾನ್ಯವಾಗಿ ಮನೆಯ ತಾಯಿಯೇ. ಭದ್ರತೆ ಎಂಬುದು ಅವಳ ದಿನನಿತ್ಯದ ಕೆಲಸ. ಅದರ ಬೆಲೆ ಎಷ್ಟೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪವಿತ್ರ ಕುರ್‌ಆನಿನ ಕುರೈಶ್ ಅಧ್ಯಾಯದಲ್ಲಿ ಅಲ್ಲಾಹನು ಮಕ್ಕಾದ ಜನರಿಗೆ ತನ್ನ ಎರಡು ಅನುಗ್ರಹಗಳನ್ನು ನೆನಪಿಸುತ್ತಾನೆ. ಹಸಿವೆಯಲ್ಲಿ ಆಹಾರ ಕೊಟ್ಟದ್ದು ಒಂದು, ಭಯದಿಂದ ಅಭಯ ಕೊಟ್ಟದ್ದು ಇನ್ನೊಂದು. ಆ ನಾಡಿಗಾಗಿ ಪ್ರಾರ್ಥಿಸುವಾಗ ಇಬ್ರಾಹೀಮ್(ಅ) ಕೂಡ ಮೊದಲು ಬೇಡಿದ್ದು ಶಾಂತಿಯನ್ನು. ಹಣ್ಣುಹಂಪಲು ಬೇಡಿದ್ದು ಆಮೇಲೆ.

ಆದ್ದರಿಂದ ಒಂದು ಸರಕಾರ ತನ್ನ ಪ್ರಜೆಗಳ ರಕ್ಷಣೆಗೆಂದು ಕಚೇರಿಯೊಂದನ್ನು ತೆರೆದರೆ ಅದನ್ನು ಮೊದಲು ಸ್ವಾಗತಿಸಬೇಕಾದವರು ನಾವು. ಆದರೆ ಚಿಲಕದ ಬಗ್ಗೆ ಪ್ರತಿಯೊಬ್ಬ ಗೃಹಿಣಿಗೂ ಗೊತ್ತಿರುವ ಒಂದು ಮಾತಿದೆ. ಅದೇ ಚಿಲಕವನ್ನು ಒಳಗಿನಿಂದ ಹಾಕಿದರೆ ರಕ್ಷಣೆ, ಹೊರಗಿನಿಂದ ಹಾಕಿದರೆ ಸೆರೆ. ಭದ್ರತೆಯ ಕಚೇರಿಯ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ. ಅದು ಯಾರನ್ನು ತನ್ನ ಮನೆಯವರೆಂದು ಎಣಿಸುತ್ತದೆ? ಯಾರನ್ನು ಹೊರಗಿನವರೆಂದು ನೋಡುತ್ತದೆ? ಅದು ತಪ್ಪು ಮಾಡಿದರೆ ಕೇಳುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಮೆರಿಕದ ರಾಜ್ಯಗಳ ಅನುಭವವನ್ನು ನೋಡುವುದು ಒಳ್ಳೆಯದು. ಏಕೆಂದರೆ ಇಂತಹ ಕಚೇರಿಗಳನ್ನು ರಾಜ್ಯ ರಾಜ್ಯಗಳಲ್ಲಿ ತೆರೆದ ನಾಡು ಅದು.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು ಮೂರು ಸಾವಿರ ಮಂದಿ ಪ್ರಾಣ ಕಳಕೊಂಡರು. ಅದು ಅಮಾಯಕರ ಕೊಲೆ. ಅದನ್ನು ಸಮರ್ಥಿಸುವ ಒಂದೇ ಒಂದು ಮಾತೂ ಇಸ್ಲಾಮಿನಲ್ಲಿ ಇಲ್ಲ. ಒಂದೇ ತಿಂಗಳಲ್ಲಿ, ಅಕ್ಟೋಬರ್ 8ರಂದು, ಅಧ್ಯಕ್ಷ ಜಾರ್ಜ್ ಬುಶ್ ಶ್ವೇತಭವನದಲ್ಲಿ 'ಹೋಮ್‌ಲ್ಯಾಂಡ್ ಸೆಕ್ಯುರಿಟಿ' ಅಂದರೆ ತಾಯ್ನಾಡ ಭದ್ರತೆಯ ಕಚೇರಿಯೊಂದನ್ನು ತೆರೆದರು. ಪೆನ್ಸಿಲ್ವೇನಿಯಾ ರಾಜ್ಯದ ಗವರ್ನರ್ ಆಗಿದ್ದ ಟಾಮ್ ರಿಡ್ಜ್ ತಮ್ಮ ಪದವಿ ಬಿಟ್ಟು ಅದರ ಮುಖ್ಯಸ್ಥರಾದರು. ಮರುವರ್ಷ ಸಂಸತ್ತು ಕಾನೂನು ಮಾಡಿತು. 2003ರ ಮಾರ್ಚ್‌ನಲ್ಲಿ 22 ಇಲಾಖೆ, ಸಂಸ್ಥೆಗಳನ್ನು ಒಟ್ಟುಗೂಡಿಸಿದ ದೊಡ್ಡ ಮಂತ್ರಾಲಯವೇ ಕೆಲಸ ಆರಂಭಿಸಿತು.

ಆದರೆ ಕೇಂದ್ರದಲ್ಲಿ ಮಂತ್ರಾಲಯವಿದ್ದರೆ ಸಾಕಾಗದು. ಬೆಂಕಿ ಬಿದ್ದಾಗ ಓಡಿ ಬರುವುದು ಊರಿನ ಅಗ್ನಿಶಾಮಕ ದಳ. ಗಾಯಾಳುಗಳನ್ನು ಸೇರಿಸುವುದು ಊರಿನ ಆಸ್ಪತ್ರೆಗೆ. ಕುಡಿಯುವ ನೀರು, ಸೇತುವೆ, ಶಾಲೆ ಎಲ್ಲವೂ ಇರುವುದು ಊರಿನಲ್ಲಿ. ಕೇಂದ್ರದಿಂದ ಬರುವ ಅನುದಾನವನ್ನು ಪಡೆದು ಹಂಚಲು, ಬೇರೆ ಬೇರೆ ಇಲಾಖೆಗಳ ಮಾಹಿತಿಯನ್ನು ಒಂದೆಡೆ ಸೇರಿಸಲು ರಾಜ್ಯದಲ್ಲಿ ಒಬ್ಬ ಹೊಣೆಗಾರ ಬೇಕಾಗುತ್ತಾನೆ. ಹೀಗೆ ರಾಜ್ಯಗಳು ಒಂದೊಂದಾಗಿ ತಮ್ಮದೇ ಭದ್ರತಾ ಕಚೇರಿಗಳನ್ನು ತೆರೆದವು. ಕೆಲವು ಕಡೆ ಶಾಸನಸಭೆಯ ಕಾನೂನಿನಿಂದ, ಇನ್ನು ಕೆಲವು ಕಡೆ ಗವರ್ನರರ ಒಂದು ಆದೇಶದಿಂದ.

ಇಷ್ಟರ ಮಟ್ಟಿಗೆ ಯಾರಿಗೂ ತಕರಾರು ಇರಲಾರದು. ಸಮಸ್ಯೆ ಇದ್ದದ್ದು ಆ ದಿನಗಳ ಗಾಳಿಯಲ್ಲಿ. ಆ ಗಾಳಿ ಹೇಗಿತ್ತೆಂದು ತಿಳಿಯಲು ತಲತ್ ಹಮ್ದಾನಿ ಎಂಬ ತಾಯಿಯ ಕತೆ ಸಾಕು. ಕರಾಚಿಯಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ ಶಿಕ್ಷಕಿ ಅವರು. ಅವರ ಮಗ ಸಲ್ಮಾನ್‌ಗೆ 23 ವರ್ಷ. ಆತ ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ನೀಡುವ ತರಬೇತಿ ಪಡೆದಿದ್ದ. ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಕೆಡೆಟ್ ಕೂಡ ಆಗಿದ್ದ. ಸೆಪ್ಟೆಂಬರ್ 11ರ ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಮರಳಿ ಬರಲಿಲ್ಲ. ಉರಿಯುತ್ತಿದ್ದ ಕಟ್ಟಡದ ಕಡೆಗೆ, ಜನರನ್ನು ಉಳಿಸಲು ಅವನು ಓಡಿದ್ದ. ಆದರೆ ಕೆಲವೇ ವಾರಗಳಲ್ಲಿ ತನಿಖಾಧಿಕಾರಿಗಳು ಅವನ ಬಗ್ಗೆ ಮನೆಯವರನ್ನು ಪ್ರಶ್ನಿಸತೊಡಗಿದರು. ಅವನು ಕಾಣೆಯಾಗಿದ್ದಾನೋ, ಅಡಗಿದ್ದಾನೋ ಎಂದು ಪತ್ರಿಕೆಯೊಂದು ತಲೆಬರಹ ಕೊಟ್ಟಿತು. ಮಗನನ್ನು ಎಲ್ಲಿಯಾದರೂ ಬಂಧಿಸಿ ಇಟ್ಟಿರಬಹುದು, ಹಾಗಾದರೆ ಬದುಕಿಯಾದರೂ ಇದ್ದಾನೆ ಎಂದು ಹೆತ್ತವರು ಆಸೆಪಟ್ಟರು. ಮಗ ಜೈಲಿನಲ್ಲಿರಲಿ ಎಂದು ತಾಯಿಯೊಬ್ಬಳು ಹಾರೈಸುವಂತಾದರೆ ಅವಳ ಸಂಕಟ ಎಷ್ಟಿರಬೇಕು! 2002ರ ಮಾರ್ಚ್‌ನಲ್ಲಿ ಅವನ ಅವಶೇಷಗಳನ್ನು ಗುರುತಿಸಲಾಯಿತು. ಅವನನ್ನು ಗೌರವದಿಂದ ದಫನ ಮಾಡಲಾಯಿತು.

ಇದರಲ್ಲಿ ಒಂದು ವಿಚಿತ್ರವಿದೆ. 2001ರ ಅಕ್ಟೋಬರ್ 26ರಂದು ಜಾರಿಗೆ ಬಂದ 'ಪೇಟ್ರಿಯಾಟ್ ಆಕ್ಟ್' ಸರಕಾರಕ್ಕೆ ಜನರ ಮೇಲೆ ಕಣ್ಣಿಡುವ ಹೆಚ್ಚಿನ ಅಧಿಕಾರ ಕೊಟ್ಟಿತು. ಅದೇ ಕಾನೂನಿನ ಒಂದು ವಿಭಾಗ ಸಲ್ಮಾನ್ ಹಮ್ದಾನಿಯ ಹೆಸರು ಹೇಳಿ ಅವನ ಸಾಹಸವನ್ನು ಹೊಗಳಿದೆ. ಒಂದೇ ಸರಕಾರದ ಒಂದು ಕೈ ಅವನನ್ನು ವೀರನೆಂದಿತು, ಇನ್ನೊಂದು ಕೈ ಅವನ ಮನೆಯ ಬಾಗಿಲು ತಟ್ಟಿತು. ಆಗ ವಲಸೆ ಕಾನೂನಿನಡಿ ಹಿಡಿದಿಟ್ಟ 762 ಮಂದಿಯ ಬಗ್ಗೆ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2003ರಲ್ಲಿ ವರದಿ ಕೊಟ್ಟರು. ಎಷ್ಟೋ ಮಂದಿಯನ್ನು ಸರಿಯಾದ ಆಧಾರವಿಲ್ಲದೆ ತಿಂಗಳುಗಟ್ಟಲೆ ಇಡಲಾಗಿತ್ತು, ಮನೆಯವರಿಗೂ ವಕೀಲರಿಗೂ ಅವರನ್ನು ತಲುಪುವುದು ಕಷ್ಟವಾಗಿತ್ತು ಎಂಬುದು ಸರಕಾರದ ಆ ವರದಿಯಲ್ಲಿಯೇ ಇದೆ. ಆ ವರದಿ ವಿಶೇಷವಾಗಿ ಪರಿಶೀಲಿಸಿದ ಎರಡು ಜೈಲುಗಳಲ್ಲಿ ಒಂದು ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿತ್ತು.

ಈ ನ್ಯೂಜೆರ್ಸಿಯನ್ನೇ ಸ್ವಲ್ಪ ವಿವರವಾಗಿ ನೋಡೋಣ. ನ್ಯೂಯಾರ್ಕಿನ ಪಕ್ಕದ ರಾಜ್ಯ ಅದು. ಸೆಪ್ಟೆಂಬರ್ 11ರಂದು ಸತ್ತವರಲ್ಲಿ ಏಳುನೂರರಷ್ಟು ಮಂದಿ ಅಲ್ಲಿಯವರು. ಮುಸ್ಲಿಮರೂ ಭಾರತೀಯರೂ ದೊಡ್ಡ ಸಂಖ್ಯೆಯಲ್ಲಿರುವ ರಾಜ್ಯವೂ ಹೌದು. 2002ರಲ್ಲಿ ಅಲ್ಲಿನ ಗವರ್ನರ್ ಜೇಮ್ಸ್ ಮೆಕ್‌ಗ್ರೀವಿ ತಮ್ಮ ಆಪ್ತನೊಬ್ಬನನ್ನು ಭದ್ರತಾ ಸಲಹೆಗಾರನನ್ನಾಗಿ ನೇಮಿಸಿದರು. ಆತ ವಿದೇಶಿ ಪ್ರಜೆಯಾಗಿದ್ದರಿಂದ ಕೇಂದ್ರದ ರಹಸ್ಯ ಮಾಹಿತಿಯನ್ನು ನೋಡುವ ಅರ್ಹತೆಯೇ ಅವನಿಗಿರಲಿಲ್ಲ. ಗದ್ದಲವೆದ್ದ ಬಳಿಕ ಆತ ಹುದ್ದೆ ಬಿಟ್ಟ. ಭದ್ರತೆಯ ಹೆಸರಿನಲ್ಲಿ ಹುದ್ದೆ ಹುಟ್ಟಿಸುವುದು ಸುಲಭ, ಅದಕ್ಕೆ ತಕ್ಕ ಮನುಷ್ಯನನ್ನು ಇಡುವುದು ಕಷ್ಟ ಎಂಬುದಕ್ಕೆ ಇದು ಉದಾಹರಣೆ. 2006ರ ಮಾರ್ಚ್‌ನಲ್ಲಿ ಗವರ್ನರ್ ಜಾನ್ ಕಾರ್ಜೈನ್ ಆದೇಶ ಹೊರಡಿಸಿ 'ತಾಯ್ನಾಡ ಭದ್ರತೆ ಮತ್ತು ಸನ್ನದ್ಧತೆಯ ಕಚೇರಿ'ಯನ್ನು ಸ್ಥಾಪಿಸಿದರು. ರಾಜ್ಯದ ಭದ್ರತಾ ಕೆಲಸಗಳೆಲ್ಲ ಒಬ್ಬ ನಿರ್ದೇಶಕರ ಕೆಳಗೆ ಬಂದವು.

ಹಾಗಾದರೆ ಅಲ್ಲಿನ ಮುಸ್ಲಿಮ್ ಮನೆಗಳಿಗೆ ನಿಶ್ಚಿಂತೆಯಾಯಿತೇ? ಇಲ್ಲ. ಪಕ್ಕದ ನ್ಯೂಯಾರ್ಕ್ ನಗರದ ಪೊಲೀಸರು ರಾಜ್ಯದ ಗಡಿ ದಾಟಿ ನ್ಯೂಜೆರ್ಸಿಗೆ ಬಂದು ಅಲ್ಲಿನ ಮುಸ್ಲಿಮರ ಮೇಲೆ ಗುಟ್ಟಾಗಿ ಕಣ್ಣಿಟ್ಟಿದ್ದರು. 2007ರಲ್ಲಿ ಅವರು ನ್ಯೂವಾರ್ಕ್ ನಗರದ ಬಗ್ಗೆ 60 ಪುಟಗಳ ವರದಿ ತಯಾರಿಸಿದರು. ಅದರಲ್ಲಿ ಮಸೀದಿಗಳಿದ್ದವು, ಹೋಟೆಲುಗಳಿದ್ದವು, ದಿನಸಿ ಅಂಗಡಿಗಳಿದ್ದವು, ಹೆಣ್ಣುಮಕ್ಕಳ ಶಾಲೆಯೂ ಇತ್ತು. ಅವುಗಳ ಫೋಟೊ, ವಿಳಾಸ, ಬಂದು ಹೋಗುವವರು ಯಾವ ಮೂಲದವರು ಎಂಬ ಟಿಪ್ಪಣಿ. ಅಪರಾಧದ ಸುಳಿವು ಮಾತ್ರ ಇರಲಿಲ್ಲ. ಮುಸ್ಲಿಮರು ಸೇರುವ ಜಾಗ ಎಂಬುದೇ ಪಟ್ಟಿಗೆ ಸೇರಲು ಸಾಕಾಗಿತ್ತು.

2009ರಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಊರಿನಲ್ಲಿ ಒಂದು ತಮಾಷೆಯೂ ನಡೆಯಿತು. ರಟ್ಗರ್ಸ್ ವಿಶ್ವವಿದ್ಯಾಲಯದ ಬಳಿಯ ವಸತಿ ಕಟ್ಟಡವೊಂದರ ಮೇಲ್ವಿಚಾರಕ ಒಂದು ಫ್ಲಾಟಿನ ಬಾಗಿಲು ತೆರೆದು ನೋಡಿದರೆ ಒಳಗೆ ಮಂಚ ಬಿಟ್ಟರೆ ಬೇರೆ ಸಾಮಾನು ಏನೂ ಇಲ್ಲ. ಕಂಪ್ಯೂಟರ್, ರೇಡಿಯೊ, ಭಯೋತ್ಪಾದಕರ ಚಿತ್ರ, ಅಕ್ಕಪಕ್ಕದ ಕಟ್ಟಡಗಳ ಫೋಟೊ. ಗಾಬರಿಯಾದ ಆತ ಪೊಲೀಸರಿಗೆ ಫೋನ್ ಮಾಡಿದ. ಊರ ಪೊಲೀಸರು, ಎಫ್‌ಬಿಐ ಎಲ್ಲ ಓಡಿ ಬಂದರು. ನೋಡಿದರೆ ಅದು ನ್ಯೂಯಾರ್ಕ್ ಪೊಲೀಸರದೇ ರಹಸ್ಯ ಅಡ್ಡೆ! ನಮ್ಮನ್ನು ಕಾಯಲು ಒಬ್ಬರಿಗೊಬ್ಬರು ಕೈಜೋಡಿಸಬೇಕಾದವರೇ ಒಬ್ಬರಿಗೊಬ್ಬರು ತಿಳಿಯದಂತೆ ಕೆಲಸ ಮಾಡುತ್ತಿದ್ದರು. ಹಾಗಾಗಬಾರದು ಎಂದೇ ಅಲ್ಲವೇ ಭದ್ರತಾ ಕಚೇರಿಗಳನ್ನು ತೆರೆದದ್ದು?

ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2011ರಿಂದ ಈ ಗುಟ್ಟನ್ನು ಒಂದೊಂದಾಗಿ ಹೊರಗೆಳೆಯಿತು. ಆ ವರದಿಗಳಿಗೆ 2012ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಪಟ್ಟಿಗಳನ್ನು ತಯಾರಿಸುತ್ತಿದ್ದ ಪೊಲೀಸ್ ಘಟಕದ ಸಂಭಾಷಣೆ-ಸಂಗ್ರಹದಿಂದ ತಾನು ಅಧಿಕಾರದಲ್ಲಿದ್ದ ವರ್ಷಗಳಲ್ಲಿ ಒಂದೇ ಒಂದು ಭಯೋತ್ಪಾದನೆಯ ತನಿಖೆಯೂ ಆರಂಭವಾಗಲಿಲ್ಲವೆಂದು ಆ ವಿಭಾಗದ ಹಿರಿಯ ಅಧಿಕಾರಿಯೇ 2012ರಲ್ಲಿ ಪ್ರಮಾಣ ಮಾಡಿ ಹೇಳಿದರು. ಆದರೆ ಆ ಪಟ್ಟಿಗಳಿಂದ ಆದ ನಷ್ಟ ಸಣ್ಣದಲ್ಲ. ಮಸೀದಿಗೆ ಬರುವವರು ಕಡಿಮೆಯಾದರು. ಅಂಗಡಿಗೆ ಗಿರಾಕಿಗಳು ಬರಲಿಲ್ಲ. ವಿದ್ಯಾರ್ಥಿ ಸಂಘದ ಸಭೆಯಲ್ಲಿ ಮಾತಾಡಲು ಮಕ್ಕಳು ಹೆದರಿದರು. ಪಕ್ಕದಲ್ಲಿ ನಮಾಝ್‌ಗೆ ನಿಂತವನೇ ಗೂಢಚಾರನಿರಬಹುದೇ ಎಂಬ ಸಂಶಯ ಹುಟ್ಟಿತು. ಜಮಾಅತಿನ ಬಾಂಧವ್ಯಕ್ಕೆ ಇದಕ್ಕಿಂತ ದೊಡ್ಡ ಗೆದ್ದಲು ಬೇರೆ ಇದೆಯೇ?

ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನ್ಯೂಜೆರ್ಸಿಯ ಅಟಾರ್ನಿ ಜನರಲ್ ಈ ಬಗ್ಗೆ ವಿಚಾರಣೆ ನಡೆಸಿ, ನ್ಯೂಯಾರ್ಕ್ ಪೊಲೀಸರು ತಮ್ಮ ರಾಜ್ಯದ ಯಾವ ಕಾನೂನನ್ನೂ ಮುರಿದಿಲ್ಲ ಎಂದು 2012ರಲ್ಲಿ ಹೇಳಿದರು. ಅಂದರೆ ಕಚೇರಿ ಇತ್ತು, ನಿರ್ದೇಶಕರಿದ್ದರು, ಬಜೆಟ್ ಇತ್ತು. ತನ್ನ ಪ್ರಜೆಯನ್ನು ಧರ್ಮ ನೋಡಿ ಹಿಂಬಾಲಿಸಬಾರದು ಎಂದು ತಡೆಯುವ ನಿಯಮ ಮಾತ್ರ ಇರಲಿಲ್ಲ.

ಅಲ್ಲಿನ ಮುಸ್ಲಿಮರು ಕಲ್ಲೆತ್ತಿಕೊಳ್ಳಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಯ ಮೊದಲ ಹೆಸರು ಫರ್ಹಾಜ್ ಹಸನ್ ಅವರದು. ಅಮೆರಿಕದ ಸೇನೆಯ ಮೀಸಲು ಪಡೆಯಲ್ಲಿದ್ದ ಯೋಧ ಅವರು. ಅವರ ಜತೆ ಮಸೀದಿಗಳು, ಅಂಗಡಿಯವರು, ರಟ್ಗರ್ಸ್ ವಿದ್ಯಾರ್ಥಿಗಳು ಇದ್ದರು. ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಒಬ್ಬ ಶಿಕ್ಷಕಿಯೂ ಇದ್ದರು. ಪೊಲೀಸರ ಕಡತದಲ್ಲಿ ಅವರ ಮನೆಯ ಫೋಟೊ ಇತ್ತು. 2014ರಲ್ಲಿ ಕೆಳಗಿನ ನ್ಯಾಯಾಲಯ ಮೊಕದ್ದಮೆಯನ್ನು ತಳ್ಳಿಹಾಕಿತು. ನಷ್ಟವಾಗಿದ್ದರೆ ಅದು ಪತ್ರಿಕೆಗಳು ಗುಟ್ಟನ್ನು ಬಹಿರಂಗ ಮಾಡಿದ್ದರಿಂದ ಎಂಬುದು ನ್ಯಾಯಾಧೀಶರ ವಾದವಾಗಿತ್ತು. ಅವರು ಬಿಡಲಿಲ್ಲ, ಮೇಲ್ಮನವಿ ಸಲ್ಲಿಸಿದರು. 2015ರ ಅಕ್ಟೋಬರ್‌ನಲ್ಲಿ ಮೇಲಿನ ನ್ಯಾಯಾಲಯ ಮೊಕದ್ದಮೆಗೆ ಮರುಜೀವ ಕೊಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನ್ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದನ್ನು ಅದು ನೆನಪಿಸಿತು. 2018ರಲ್ಲಿ ರಾಜಿಯಾಯಿತು. ಧರ್ಮವನ್ನಷ್ಟೇ ನೋಡಿ, ಸಂಶಯಕ್ಕೆ ಕಾರಣವಿಲ್ಲದೆ ಯಾರ ಮೇಲೂ ಕಣ್ಣಿಡುವುದಿಲ್ಲವೆಂದು ಪೊಲೀಸರು ಒಪ್ಪಿಕೊಂಡರು. ಸುಮಾರು 75 ಸಾವಿರ ಡಾಲರ್ ಪರಿಹಾರವನ್ನೂ ಕೊಟ್ಟರು. ಹಣ ದೊಡ್ಡದಲ್ಲ, ಬರಹದಲ್ಲಿ ಸಿಕ್ಕಿದ ಆ ಮಾತು ದೊಡ್ಡದು.

ನ್ಯೂಜೆರ್ಸಿಯ ಭದ್ರತಾ ಕಚೇರಿಯೂ ಬದಲಾಯಿತು. 2012ರಲ್ಲಿ ಅದು ಎಲ್ಲ ಧರ್ಮಗಳ ಪ್ರತಿನಿಧಿಗಳಿರುವ ಸಲಹಾ ಮಂಡಳಿಯನ್ನು ರಚಿಸಿತು. ಪ್ರತಿವರ್ಷ ರಾಜ್ಯಕ್ಕಿರುವ ಅಪಾಯಗಳ ಪಟ್ಟಿಯನ್ನು ಜನರ ಮುಂದಿಡುವ ಕಚೇರಿ ಅದು. 2020ರ ಪಟ್ಟಿಯಲ್ಲಿ ಅದು ಬಿಳಿ ಜನಾಂಗೀಯ ಉಗ್ರವಾದವನ್ನೂ ಅತಿ ಹೆಚ್ಚಿನ ಅಪಾಯದ ಸಾಲಿಗೆ ಏರಿಸಿತು. ವಿದೇಶಿ ಉಗ್ರ ಸಂಘಟನೆಗಳಿಂದ ಪ್ರೇರಿತರಾದವರೂ ಅದೇ ಸಾಲಿನಲ್ಲಿದ್ದರು. ಅಪಾಯವನ್ನು ಹೆಸರಿನಿಂದ, ವೇಷದಿಂದ ಗುರುತಿಸದೆ ಕೃತ್ಯದಿಂದ ಗುರುತಿಸಲು ಹೊರಟರೆ ಪಟ್ಟಿ ಹೀಗೆ ನ್ಯಾಯವಾಗುತ್ತದೆ. ಅಂತಹ ಕಚೇರಿಯನ್ನು ಮಸೀದಿಯವರೂ ನಂಬಿ ಮಾತಾಡಿಸಬಲ್ಲರು.

ಇದೆಲ್ಲ ಮುಸ್ಲಿಮರ ಗೋಳು ಮಾತ್ರ ಎಂದು ಯಾರಾದರೂ ತಿಳಿದರೆ ಅವರು ಪೆನ್ಸಿಲ್ವೇನಿಯಾದ ಕಡೆ ನೋಡಲಿ. ಟಾಮ್ ರಿಡ್ಜ್ ಗವರ್ನರ್ ಆಗಿದ್ದ ಅದೇ ರಾಜ್ಯ. ಅಲ್ಲಿನ ಭದ್ರತಾ ಕಚೇರಿ ಅಪಾಯಗಳ ಮಾಹಿತಿ ಸಂಗ್ರಹಿಸುವ ಗುತ್ತಿಗೆಯನ್ನು ಒಂದು ಖಾಸಗಿ ಸಂಸ್ಥೆಗೆ ಕೊಟ್ಟಿತು. ಆ ಸಂಸ್ಥೆ ಕಳುಹಿಸುತ್ತಿದ್ದ ಪತ್ರಕಗಳಲ್ಲಿ ಯಾರಿದ್ದರು ಗೊತ್ತೇ? ತಮ್ಮ ಊರಿನ ಬಾವಿನೀರು ಕೆಡುತ್ತದೆಂದು ನೈಸರ್ಗಿಕ ಅನಿಲದ ಕೊರೆತವನ್ನು ವಿರೋಧಿಸುತ್ತಿದ್ದ ಸಾಮಾನ್ಯ ಜನರು. ಅವರ ಸಭೆ, ಅವರು ತೋರಿಸಲಿದ್ದ ಸಾಕ್ಷ್ಯಚಿತ್ರ ಎಲ್ಲವೂ ಭದ್ರತೆಯ ಎಚ್ಚರಿಕೆಗಳಾದವು. ಅವು ಅನಿಲ ಕಂಪೆನಿಗಳ ಕೈಗೂ ಸೇರಿದವು. 2010ರ ಸೆಪ್ಟೆಂಬರ್‌ನಲ್ಲಿ ವಿಷಯ ಹೊರಬಿದ್ದಾಗ ಗವರ್ನರ್ ಎಡ್ ರೆಂಡೆಲ್ ಬಹಿರಂಗವಾಗಿ ಕ್ಷಮೆ ಕೇಳಿದರು. ಮುಂದಿನ ತಿಂಗಳು ಕಚೇರಿಯ ನಿರ್ದೇಶಕರು ರಾಜೀನಾಮೆ ಕೊಟ್ಟರು. ಇಂದು ನೆರೆಯವನ ಮೇಲಿಟ್ಟ ಕಣ್ಣು ನಾಳೆ ನನ್ನ ಮೇಲೂ ಬೀಳುತ್ತದೆ. ನೀರಿಗಾಗಿ ಕೊಡ ಹಿಡಿದು ಪ್ರತಿಭಟನೆಗೆ ಕೂರುವ ಹೆಂಗಸರ ಮೇಲೂ.

ಈಗ ನಮ್ಮ ಕಡೆಗೆ ಬರೋಣ. ಗಲಭೆ, ಕೊಲೆಗಳ ಬೆನ್ನಿಗೆ ಸರಕಾರ ಹೊಸ ಭದ್ರತಾ ವ್ಯವಸ್ಥೆ ಮಾಡುವುದು ನಮಗೂ ಹೊಸದಲ್ಲ. 2025ರ ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣ ಕನ್ನಡದಲ್ಲಿ ಒಂದರ ಹಿಂದೆ ಒಂದು ಕೊಲೆ ನಡೆಯಿತು. ಹಿಂದೂ ಮನೆಯಲ್ಲೂ ಮುಸ್ಲಿಮ್ ಮನೆಯಲ್ಲೂ ತಾಯಂದಿರು ಕಣ್ಣೀರು ಹಾಕಿದರು. ಆಮೇಲೆ ರಾಜ್ಯ ಸರಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ 248 ಸಿಬ್ಬಂದಿಯ ವಿಶೇಷ ಕಾರ್ಯಪಡೆಯನ್ನು ರಚಿಸಿತು. ನಕ್ಸಲ್ ನಿಗ್ರಹ ದಳದಿಂದ ಬಂದ ಸಿಬ್ಬಂದಿ ಅದರಲ್ಲಿದ್ದರು. ಆ ವರ್ಷದ ಜೂನ್‌ನಲ್ಲಿ ಗೃಹಮಂತ್ರಿ ಜಿ. ಪರಮೇಶ್ವರ್ ಮಂಗಳೂರಿನಲ್ಲಿ ಅದನ್ನು ಉದ್ಘಾಟಿಸಿದರು. ಕೋಮುದ್ವೇಷವನ್ನು ತಡೆಯುವುದೇ ಅದರ ಗುರಿ ಎಂದು ಸರಕಾರ ಹೇಳಿದೆ. ಗುರಿ ಒಳ್ಳೆಯದು. ಆದರೆ ಅಮೆರಿಕದ ಪಾಠವನ್ನು ಓದಿದವರು ಇಂತಹ ಯಾವುದೇ ಪಡೆಯ ಬಗ್ಗೆ ಕೇಳಲೇಬೇಕು: ದ್ವೇಷ ಭಾಷಣ ಮಾಡಿದವನು ಯಾವ ಕಡೆಯವನೇ ಆಗಿರಲಿ, ಕಾನೂನು ಒಂದೇ ಆಗಿದೆಯೇ? ಕೆಲಸದ ಲೆಕ್ಕ ಜನರ ಮುಂದೆ ಬರುತ್ತದೆಯೇ? ದೂರು ಕೊಟ್ಟವಳ ಮಾತನ್ನು ಕೇಳುವ ಕಿವಿ ಅಲ್ಲಿದೆಯೇ?

ಈ ಪ್ರಶ್ನೆ ಕೇಳಲು ನಮಗೆ ನಮ್ಮ ಹಕ್ಕುಗಳ ಅರಿವು ಬೇಕು. ಯಾರನ್ನೇ ಬಂಧಿಸಿದರೂ ಕಾರಣ ತಿಳಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ನಮ್ಮ ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಸಾಕ್ಷಿ ವಿಚಾರಣೆಗೆಂದು ಮಹಿಳೆಯನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವಳು ವಾಸಿಸುವಲ್ಲಿಯೇ ವಿಚಾರಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಮಾಹಿತಿ ಹಕ್ಕು ಕಾನೂನಿನಿಂದ ಗುಪ್ತಚರ, ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶವಿದೆ. ಆದರೂ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಇಲ್ಲ. ಮಗಳಿಗೆ ಅಡುಗೆ ಕಲಿಸುವಷ್ಟೇ ಆಸ್ಥೆಯಿಂದ ಇದನ್ನೂ ಕಲಿಸಬೇಕು. ಮಗನಿಗೂ ಒಂದು ಮಾತು ಹೇಳಬೇಕು: ಅನ್ಯಾಯವಾದಾಗ ಹೋಗಬೇಕಾದ ದಾರಿ ಫರ್ಹಾಜ್ ಹಸನ್ ಹೋದ ದಾರಿ. ಸಿಟ್ಟಿನಲ್ಲಿ ಮೊಬೈಲಿನಲ್ಲಿ ಏನನ್ನೋ ಹಂಚಿ ಇನ್ನೊಬ್ಬ ತಾಯಿಯ ಮನೆಗೆ ಬೆಂಕಿ ಇಡುವುದು ದಾರಿಯಲ್ಲ.

ಸಹೋದರಿಯರೇ, ನಮ್ಮ ಇತಿಹಾಸದಲ್ಲಿ ಎರಡು ರಾತ್ರಿಗಳ ಪ್ರಸಂಗವಿದೆ. ಒಂದು ರಾತ್ರಿ ಮದೀನಾದಲ್ಲಿ ದೊಡ್ಡ ಸದ್ದು ಕೇಳಿಸಿ ಜನರು ಹೆದರಿದರು. ಕೆಲವರು ಧೈರ್ಯ ಮಾಡಿ ಸದ್ದು ಬಂದ ಕಡೆಗೆ ಹೊರಟಾಗ ಪ್ರವಾದಿ(ಸ)ರು ಎದುರಿನಿಂದ ಬರುತ್ತಿದ್ದರು. ಅಬೂ ತಲ್ಹಾ(ರ)ರ ಕುದುರೆಯನ್ನು ಜೀನೂ ಇಲ್ಲದೆ ಏರಿ, ಎಲ್ಲರಿಗಿಂತ ಮೊದಲೇ ಹೋಗಿ ನೋಡಿ, ಹೆದರಬೇಡಿ ಎಂದು ಹೇಳುತ್ತಾ ಮರಳುತ್ತಿದ್ದರು. ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ಈ ಘಟನೆ ವರದಿಯಾಗಿದೆ. ಭದ್ರತೆಯ ಹೊಣೆ ಹೊತ್ತವನ ಕೆಲಸ ಇದು. ಅಪಾಯದ ಕಡೆ ತಾನು ಹೋಗುವುದು, ಜನರಿಗೆ ಅಭಯ ತರುವುದು.

ಇನ್ನೊಂದು ರಾತ್ರಿ ಖಲೀಫ ಉಮರ್(ರ)ರು ಗಸ್ತು ತಿರುಗುತ್ತಿದ್ದರು. ಒಂದು ಮನೆಯಿಂದ ಸಂಶಯಾಸ್ಪದ ಸದ್ದು ಕೇಳಿಸಿತು. ಅವರು ಗೋಡೆ ಹತ್ತಿ ಒಳಗಿಳಿದು ಆ ಮನುಷ್ಯನನ್ನು ತಪ್ಪಿನಲ್ಲಿ ಹಿಡಿದರು. ಆತ ಒಪ್ಪಿಕೊಂಡ. ಆದರೆ ತಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು ಎಂದ. ಗೂಢಚರ್ಯೆ ಮಾಡಬಾರದೆಂದು ಅಲ್ಲಾಹನು ಹೇಳಿದ್ದಾನೆ, ಮನೆಗೆ ಬಾಗಿಲಿನಿಂದಲೇ ಬರಬೇಕೆಂದಿದ್ದಾನೆ, ಅನುಮತಿ ಪಡೆದು ಸಲಾಮ್ ಹೇಳಿ ಬರಬೇಕೆಂದಿದ್ದಾನೆ. ತಾವು ಮೂರನ್ನೂ ಮೀರಿದಿರಿ ಎಂದ. ಉಮರ್(ರ)ರು ಸಿಟ್ಟಾಗಲಿಲ್ಲ, ಆ ಮಾತನ್ನು ಒಪ್ಪಿ ಹೊರಟುಹೋದರು ಎಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ.

ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ ಒಬ್ಬ ಸಾಮಾನ್ಯನ ಮುಂದೆ ಉತ್ತರ ಹೇಳಬೇಕಾಯಿತು. ಭದ್ರತೆಯ ಕಚೇರಿ ಟ್ರೆಂಟನ್‌ನಲ್ಲಿರಲಿ, ಮಂಗಳೂರಿನಲ್ಲಿರಲಿ, ಅದು ನಮ್ಮ ಭದ್ರತೆಗೇ ಇದೆಯೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಬೇಡ.